ನಾನು ಅಳಿಸಿದ ಸದ್ದಿನಲ್ಲಿ ಆರ್ಮ್‌ಸ್ಟ್ರಾಂಗ್ ಇದ್ದರು

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ಡೆಮೊ ದಿನ ನಮ್ಮ ಟೀಮಿಗೆ ಚಪ್ಪಾಳೆ ಬಿತ್ತು. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಚಪ್ಪಾಳೆ ಎಷ್ಟು ಅಪರೂಪ ಅಂತ ಇಸಿ ಬ್ರಾಂಚಿನವರಿಗೆ ನಾನು ಹೇಳಬೇಕಾಗಿಲ್ಲ. ನಾವು ಮಾಡಿದ್ದು ಇಷ್ಟೇ. 1923ರ ಎರಡು ಜಾಝ್ ರೆಕಾರ್ಡಿಂಗ್‌ಗಳನ್ನು ತಗೊಂಡು, ಅವುಗಳಲ್ಲಿದ್ದ ಚಟಪಟ, ಕರಕರ, ಸುಯ್ ಅನ್ನೋ ಸದ್ದುಗಳನ್ನೆಲ್ಲ ಕೋಡ್ ಬರೆದು ತೆಗೆದೆವು. ಮೊದಲು ಹಳೆಯದನ್ನು ಕೇಳಿಸಿದೆವು. ಬಾಣಲೆಯಲ್ಲಿ ಹಪ್ಪಳ ಕರಿಯುತ್ತಿರುವ ಹಾಗೆ ಸದ್ದು, ಅದರ ಹಿಂದೆ ಎಲ್ಲೋ ದೂರದಲ್ಲಿ ಒಂದು ಬ್ಯಾಂಡ್. ಆಮೇಲೆ ನಮ್ಮದನ್ನು ಕೇಳಿಸಿದೆವು. ಹಪ್ಪಳ ಮಾಯ! ಎಲ್ಲರೂ ಖುಷಿಪಟ್ಟರು. ನಾವೂ ಕ್ಯಾಂಟೀನಿಗೆ ಹೋಗಿ ಮಸಾಲೆದೋಸೆ ತಿಂದು ಬಂದೆವು.

ಆವತ್ತು ರಾತ್ರಿ ರಿಪೋರ್ಟಿಗೆ ಒಂದು ಗ್ರಾಫ್ ಬೇಕಾಗಿತ್ತು. ಮೂಲ ಫೈಲಿನಿಂದ ನಮ್ಮ ಔಟ್‌ಪುಟ್ ಕಳೆದರೆ ಉಳಿಯೋದು ನಾವು ತೆಗೆದುಹಾಕಿದ ಗದ್ದಲ ಮಾತ್ರ ಆಗಿರಬೇಕು. ಅದನ್ನು ಪ್ಲಾಟ್ ಮಾಡಿದೆ. ಸುಮ್ಮನೆ ಕುತೂಹಲಕ್ಕೆ ಪ್ಲೇ ಬಟನ್ ಕೂಡ ಒತ್ತಿದೆ. ಹಪ್ಪಳ ಕೇಳಿಸಿತು. ಆದರೆ ಹಪ್ಪಳದ ಜೊತೆಗೆ ಒಂದು ಕಾರ್ನೆಟ್ ಕೂಡ ಕೇಳಿಸಿತು. ತೆಳ್ಳಗೆ, ಒಡೆದ ದನಿಯಲ್ಲಿ, ಆದರೆ ಸ್ಪಷ್ಟವಾಗಿ. ಮರದ ತುಂಡಿಗೆ ಬಡಿದ ಟಕ್ ಟಕ್ ಕೂಡ ಇತ್ತು. ನಾವು ಕಸ ಅಂತ ಗುಡಿಸಿದ ಬುಟ್ಟಿಯಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಇದ್ದರು.

ಆವತ್ತಿನಿಂದ ನನ್ನ ಅಭಿಪ್ರಾಯ ಬದಲಾಗಿದೆ. ಹಳೇ ರೆಕಾರ್ಡನ್ನು ಸ್ವಚ್ಛ ಮಾಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಏನು ತೆಗೆದೆವು, ಏನು ಸೇರಿಸಿದೆವು ಅಂತ ಹೇಳದೆ, ಮೂಲವನ್ನು ಪಕ್ಕದಲ್ಲಿ ಇಡದೆ ಸ್ವಚ್ಛ ಮಾಡೋದು ತಪ್ಪು. ಈಗ ಎಐ ಟೂಲ್ ಬಂದಮೇಲಂತೂ ಇದು ದೊಡ್ಡ ತಪ್ಪು. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. (ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.)

ಮೊದಲು ಆ ತಟ್ಟೆಯ ವಿಷಯ. 78 ಆರ್‌ಪಿಎಂ ರೆಕಾರ್ಡು ಅಂದರೆ ವಿನೈಲ್ ಅಲ್ಲ, ಶೆಲಾಕ್. ಶೆಲಾಕ್ ಅಂದರೆ ನಮ್ಮ ಅರಗು. ಹೌದು, ಮಹಾಭಾರತದ ಅರಗಿನ ಮನೆಯ ಅರಗೇ. ನನ್ನ ಅಮ್ಮನ ಊರು ಚನ್ನಪಟ್ಟಣದ ಹತ್ತಿರ. ಅಲ್ಲಿ ಗೊಂಬೆ ಮಾಡೋರು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯೋದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಈ ಅರಗು ಬರೋದು ಮುತ್ತುಗ, ಬೋರೆ ಥರದ ಮರಗಳ ಕೊಂಬೆ ಮೇಲೆ ಕೂರುವ ಒಂದು ಸಣ್ಣ ಕೀಟದಿಂದ. ಆ ಕಾಲದಲ್ಲಿ ಪ್ರಪಂಚಕ್ಕೆ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ಇಂಡಿಯಾದಿಂದಲೇ, ಅದರಲ್ಲೂ ಛೋಟಾ ನಾಗಪುರದ ಕಾಡುಗಳ ಕಡೆಯಿಂದ. ಅಂದರೆ ಅಮೆರಿಕದ ಕಪ್ಪು ಸಂಗೀತಗಾರರು ನುಡಿಸಿದ ಜಾಝ್ ಉಳಿದಿರೋದು ನಮ್ಮ ದೇಶದ ಆದಿವಾಸಿಗಳು ಮರದಿಂದ ಕೆರೆದು ತೆಗೆದ ಅಂಟಿನಲ್ಲಿ. 1942ರಲ್ಲಿ ಯುದ್ಧದ ಕಾರಣಕ್ಕೆ ಅಮೆರಿಕ ಸರ್ಕಾರ ರೆಕಾರ್ಡು ಕಂಪನಿಗಳಿಗೆ ಸಿಗುವ ಶೆಲಾಕನ್ನು ತುಂಬಾ ಕಡಿತ ಮಾಡಿತು. ಆಗ ಜನರಿಂದ ಹಳೇ ರೆಕಾರ್ಡುಗಳನ್ನು ವಾಪಸ್ ತಗೊಂಡು ಪುಡಿಮಾಡಿ ಹೊಸದಕ್ಕೆ ಬಳಸಿದರು. ಹಾಗೆ ಪುಡಿಯಾದ ಹಾಡುಗಳು ಎಷ್ಟೋ.

ಆದರೆ ಇಡೀ ತಟ್ಟೆ ಅರಗಲ್ಲ. ಅರಗು ಐದರಲ್ಲಿ ಒಂದು ಪಾಲಿನ ಆಸುಪಾಸು. ಉಳಿದದ್ದು ಹೆಚ್ಚಾಗಿ ಕಲ್ಲಿನ ಪುಡಿ, ಕಪ್ಪು ಬಣ್ಣಕ್ಕೆ ಕಾರ್ಬನ್, ಸ್ವಲ್ಪ ಹತ್ತಿಯ ನಾರು. ಕಲ್ಲಿನ ಪುಡಿ ಹಾಕಿದ್ದಕ್ಕೆ ಕಾರಣ ಇದೆ. ಗ್ರಾಮಫೋನಿನ ತೂಕದ ಸ್ಟೀಲ್ ಮುಳ್ಳು ಗ್ರೂವಿನಲ್ಲಿ ಓಡುವಾಗ ತಟ್ಟೆ ಸವೆಯುವ ಬದಲು ಮುಳ್ಳು ಸವೆದು ಗ್ರೂವಿನ ಆಕಾರಕ್ಕೆ ಹೊಂದಿಕೊಳ್ಳಬೇಕು. ಅದಕ್ಕೇ ಪ್ರತಿ ಸೈಡಿಗೂ ಮುಳ್ಳು ಬದಲಾಯಿಸಬೇಕಿತ್ತು. ನಾವು ಕೇಳುವ ಸುಯ್ ಸದ್ದು ಅಂದರೆ ಕಲ್ಲಿನ ಪುಡಿಯ ಮೇಲೆ ಮುಳ್ಳು ಉಜ್ಜುವ ಸದ್ದು. ಚಟಪಟ ಅಂದರೆ ಗೀರು, ಧೂಳು, ಬಿರುಕು. ಇದು ಯಾವುದೂ ಸಂಗೀತಗಾರರು ಮಾಡಿದ್ದಲ್ಲ. ಇದನ್ನು ತೆಗೆದರೆ ಯಾರಿಗೂ ನಷ್ಟ ಇಲ್ಲ. ಇಲ್ಲಿವರೆಗೆ ನಾನೂ ನನ್ನ ಹಳೇ ಪಾರ್ಟಿಯೇ.

ಈಗ ಆ ತಟ್ಟೆಯ ಮೇಲೆ ಏನಿದೆ ಅಂತ ನೋಡೋಣ. 1923ರ ಏಪ್ರಿಲ್ 5 ಮತ್ತು 6. ಶಿಕಾಗೊದ ಲಿಂಕನ್ ಗಾರ್ಡನ್ಸ್ ಅನ್ನೋ ಡ್ಯಾನ್ಸ್ ಹಾಲಿನಲ್ಲಿ ನುಡಿಸುತ್ತಿದ್ದ ಕಿಂಗ್ ಆಲಿವರ್ ಅವರ ಕ್ರಿಯೋಲ್ ಜಾಝ್ ಬ್ಯಾಂಡ್ ಇಂಡಿಯಾನಾದ ರಿಚ್‌ಮಂಡ್ ಊರಿಗೆ ಬರುತ್ತದೆ. ಅಲ್ಲಿ ಒಂದು ಪಿಯಾನೊ ಫ್ಯಾಕ್ಟರಿಯವರು ನಡೆಸುತ್ತಿದ್ದ ಗೆನೆಟ್ ಕಂಪನಿಯ ಸ್ಟುಡಿಯೊ ಇತ್ತು. ಸ್ಟುಡಿಯೊ ಪಕ್ಕದಲ್ಲೇ ರೈಲು ಹಳಿ. ರೈಲು ಬಂದರೆ ರೆಕಾರ್ಡಿಂಗ್ ನಿಲ್ಲಿಸಬೇಕಿತ್ತು. ಮೈಕ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ಗೋಡೆಯಿಂದ ಒಂದು ದೊಡ್ಡ ಕಹಳೆ ಆಚೆ ಬಂದಿರುತ್ತದೆ. ಅದರ ಬಾಯಿಗೆ ಎಲ್ಲರೂ ನುಡಿಸಬೇಕು. ಆ ಗಾಳಿಯ ಒತ್ತಡವೇ ಇನ್ನೊಂದು ತುದಿಯಲ್ಲಿರುವ ಮುಳ್ಳನ್ನು ಅಲ್ಲಾಡಿಸಿ ಮೇಣದ ತಟ್ಟೆಯಲ್ಲಿ ಗೆರೆ ಕೊರೆಯುತ್ತದೆ. ಎಲೆಕ್ಟ್ರಿಕಲ್ ರೆಕಾರ್ಡಿಂಗ್ ಬಂದದ್ದು 1925ರಲ್ಲಿ. ಅದಕ್ಕೆ ಮುಂಚಿನ ಕಹಳೆಗೆ ಚೆನ್ನಾಗಿ ಹಿಡಿಯೋಕೆ ಆಗುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಜ್ ಮಾತ್ರ. ನಮ್ಮ ಫೋನ್ ಕಾಲ್‌ಗಿಂತಲೂ ಕಡಿಮೆ.

ಹೀಗಾಗಿ ಬ್ಯಾಂಡಿನ ಮಿಕ್ಸಿಂಗ್ ಅಂದರೆ ಯಾರು ಎಲ್ಲಿ ನಿಲ್ಲುತ್ತಾರೆ ಅನ್ನೋದೇ. ಆರ್ಮ್‌ಸ್ಟ್ರಾಂಗ್‌ಗೆ ಆಗ 21 ವರ್ಷ, ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು. ಬ್ಯಾಂಡಿನಲ್ಲಿ ಎರಡನೇ ಕಾರ್ನೆಟ್. ಅವರ ಊದು ಎಷ್ಟು ಜೋರಾಗಿತ್ತು ಅಂದರೆ ಗುರು ಆಲಿವರ್ ಕಾರ್ನೆಟ್ ಕೇಳಿಸುತ್ತಲೇ ಇರಲಿಲ್ಲ. ಅದಕ್ಕೆ ಅವರನ್ನು ಉಳಿದವರಿಂದ ತುಂಬಾ ಹಿಂದೆ ನಿಲ್ಲಿಸಿದರು ಅಂತ ಪಿಯಾನೊ ನುಡಿಸಿದ ಲಿಲ್ ಹಾರ್ಡಿನ್ ಮುಂದೆ ನೆನಪು ಮಾಡಿಕೊಂಡಿದ್ದಾರೆ. ಡ್ರಮ್ಮರ್ ಬೇಬಿ ಡಾಡ್ಸ್ ಅವರಿಗೆ ಪೂರ್ತಿ ಡ್ರಮ್ ಸೆಟ್ ಬಾರಿಸೋಕೆ ಬಿಡಲಿಲ್ಲ. ದೊಡ್ಡ ಡ್ರಮ್ಮಿನ ಏಟಿಗೆ ಕೊರೆಯುವ ಮುಳ್ಳು ಹಾರಿಬಿಡುವ ಭಯ. ಅವರು ಮರದ ಬ್ಲಾಕುಗಳನ್ನು ಬಾರಿಸಿದರು. ಬಿಲ್ ಜಾನ್ಸನ್ ಬ್ಯಾಂಡಿನ ಬಾಸ್ ವಾದಕ. ಆದರೆ ಆವತ್ತು ಅವರು ಹಿಡಿದದ್ದು ಬ್ಯಾಂಜೊ.

ಈಗ ನಮ್ಮ ಕೋಡ್ ಏನು ಮಾಡಿತು ನೋಡಿ. ಚಟಪಟ ಹುಡುಕುವ ವಿಧಾನ ಸರಳ. ಹಿಂದಿನ ಸ್ಯಾಂಪಲ್‌ಗಳನ್ನು ನೋಡಿ ಮುಂದಿನ ಸ್ಯಾಂಪಲ್ ಎಷ್ಟಿರಬಹುದು ಅಂತ ಊಹಿಸಬೇಕು. ಊಹೆಗೂ ನಿಜಕ್ಕೂ ತುಂಬಾ ವ್ಯತ್ಯಾಸ ಬಂದರೆ ಅದು ಕ್ಲಿಕ್. ಅದನ್ನು ಕಿತ್ತು ಆಚೀಚೆಯಿಂದ ತೇಪೆ ಹಾಕಬೇಕು. ಪಿಯಾನೊ, ಕ್ಲಾರಿನೆಟ್‌ಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಾರ್ನೆಟ್, ಟ್ರಂಪೆಟ್ ಥರದ ಹಿತ್ತಾಳೆ ವಾದ್ಯಗಳನ್ನು ಜೋರಾಗಿ ಊದಿದಾಗ ಪ್ರತಿ ಸೈಕಲ್‌ನಲ್ಲೂ ಒಂದು ಚೂಪಾದ ಮುಳ್ಳಿನಂಥ ಪೀಕ್ ಬರುತ್ತದೆ. ಕೋಡಿಗೆ ಅದೂ ಕ್ಲಿಕ್ಕೇ. ಮರದ ಬ್ಲಾಕಿನ ಏಟಂತೂ ಥೇಟ್ ಕ್ಲಿಕ್. ಆ ಕಾರ್ನೆಟ್ಟಿನ ಚೂಪು ಅಂದರೆ ಆರ್ಮ್‌ಸ್ಟ್ರಾಂಗ್‌ರ ತುಟಿ, ಉಸಿರು. ಚೈಮ್ಸ್ ಬ್ಲೂಸ್‌ನಲ್ಲಿ ಅವರ ಜೀವನದಲ್ಲೇ ಮೊದಲ ಬಾರಿ ರೆಕಾರ್ಡಾದ ಸೋಲೊ ಇದೆ. ನಾವು ಅದರ ತುದಿಗಳನ್ನೆಲ್ಲ ನೀಟಾಗಿ ಕತ್ತರಿಸಿ ಗುಂಡಗೆ ಮಾಡಿದ್ದೆವು. ಡೆಮೊದಲ್ಲಿ ಅದು ಸ್ಮೂತ್ ಆಗಿ ಕೇಳಿಸಿತು. ಸ್ಮೂತ್ ಅಂತ ನಾವು ಹೆಮ್ಮೆಯಿಂದ ಹೇಳಿಯೂ ಬಿಟ್ಟೆವು.

ತಮಾಷೆ ಅಂದರೆ ನಮ್ಮ ನಂಬರ್‌ಗಳು ಚೆನ್ನಾಗಿದ್ದವು. ಹಾಡು ಶುರುವಾಗುವ ಮುಂಚಿನ ಖಾಲಿ ಗ್ರೂವಿನ ಗದ್ದಲ ಅಳೆದು, ಸ್ವಚ್ಛ ಮಾಡಿದ ಮೇಲಿನದನ್ನು ಅಳೆದು, ಇಷ್ಟು ಡೆಸಿಬೆಲ್ ಇಳಿಯಿತು ಅಂತ ತೋರಿಸಿದ್ದೆವು. ಹೆಚ್ಚು ತೆಗೆದಷ್ಟೂ ನಂಬರ್ ಚೆನ್ನಾಗಿ ಬರುತ್ತದೆ. ಪೂರ್ತಿ ಹಾಡನ್ನೇ ತೆಗೆದರೆ ಇನ್ನೂ ಚೆನ್ನಾಗಿ ಬರುತ್ತಿತ್ತೇನೋ!

ಗದ್ದಲ ಯಾವುದು, ಸಂಗೀತ ಯಾವುದು ಅನ್ನೋದನ್ನು ಗಣಿತ ತಾನಾಗಿ ಹೇಳಲ್ಲ. ಕೋಡ್ ಬರೆದವನು ಮೊದಲೇ ಒಂದು ತೀರ್ಮಾನ ಮಾಡಿರುತ್ತಾನೆ. ಇದು ನಮ್ಮ ಮನೆಯಲ್ಲೇ ಒಮ್ಮೆ ಆಗಿತ್ತು. ಲಾಕ್‌ಡೌನ್ ಟೈಮಲ್ಲಿ ಅಕ್ಕನ ಕರ್ನಾಟಕ ಸಂಗೀತದ ಕ್ಲಾಸ್ ವಿಡಿಯೊ ಕಾಲ್‌ನಲ್ಲಿ ನಡೀತಿತ್ತು. ಟೀಚರ್ ದಿನಾ ಕೇಳೋರು, "ಶ್ರುತಿ ಹಾಕ್ಕೊಂಡು ಹಾಡಮ್ಮ." ಅಕ್ಕ, "ಹಾಕಿದೀನಿ ಮಿಸ್, ಪಕ್ಕದಲ್ಲೇ ಇದೆ" ಅನ್ನೋಳು. ಟೀಚರ್‌ಗೆ ಕೇಳಿಸ್ತಾನೇ ಇರಲಿಲ್ಲ. ಒಂದೇ ಸಮನೆ ಬರುವ ಸದ್ದು ಅಂದರೆ ಫ್ಯಾನು ಅಂತ ಆ ಆ್ಯಪ್ ತೀರ್ಮಾನಿಸಿ ಶ್ರುತಿಯನ್ನು ಅಳಿಸಿಹಾಕುತ್ತಿತ್ತು. ಆ ಸಾಫ್ಟ್‌ವೇರ್ ಬರೆದವರ ಮನಸ್ಸಿನಲ್ಲಿ ಆಫೀಸ್ ಮೀಟಿಂಗ್ ಇತ್ತು, ತಂಬೂರಿ ಇರಲಿಲ್ಲ. ಸೆಟಿಂಗ್ಸ್‌ನಲ್ಲಿ ಒಂದು ಕಡೆ ಅದನ್ನು ಆಫ್ ಮಾಡಬಹುದಿತ್ತು. ಅದನ್ನು ಹುಡುಕೋಕೆ ನಮಗೆ ಎರಡು ವಾರ ಬೇಕಾಯಿತು. ಅಕ್ಕನ ಹತ್ತಿರ ಆ ಬಟನ್ ಆದರೂ ಇತ್ತು. 1923ರ ಬ್ಯಾಂಡಿನವರ ಹತ್ತಿರ ಅದೂ ಇಲ್ಲ. ಅವರ ಪರವಾಗಿ ಕೇಳೋರು ನಾವೇ.

ನನ್ನ ರೂಮ್‌ಮೇಟ್ ಇದನ್ನೆಲ್ಲ ಕೇಳಿ, "ಮಗಾ, ಆ ಹಪ್ಪಳದ ಸದ್ದಲ್ಲಿ ಈಗಿನ ಕಾಲದವರು ಯಾರೋ ಕೇಳ್ತಾರೆ? ಕ್ಲೀನ್ ಮಾಡಿದ್ರೆ ನಾಲ್ಕು ಜನ ಆದ್ರೂ ಕೇಳ್ತಾರೆ. ಯಾರೂ ಕೇಳದೆ ಇರೋದಕ್ಕಿಂತ ಅದು ಒಳ್ಳೇದಲ್ವಾ?" ಅಂದ. ಒಳ್ಳೇ ಪ್ರಶ್ನೆ. ಅವನು ಇದನ್ನು ಕೇಳುವಾಗ ಅವನ ಲ್ಯಾಪ್‌ಟಾಪಿನಲ್ಲಿ ಓದೋಕೆ ಅಂತ ಹಾಕಿದ್ದ ಲೋ-ಫೈ ಬೀಟ್ಸ್ ಓಡುತ್ತಿತ್ತು. ಅದರಲ್ಲಿ ಚಟಪಟ ಅಂತ ಹಳೇ ರೆಕಾರ್ಡಿನ ಸದ್ದು ಇತ್ತು. ಅದು ಪ್ಲಗಿನ್‌ನಿಂದ ಹಾಕಿದ್ದು. ನಿಜವಾದ ಗದ್ದಲ ತೆಗೆದು ಸುಳ್ಳು ಗದ್ದಲ ಹಾಕ್ಕೊಂಡು ಕೇಳೋರು ನಾವು. ಹಾಗಾಗಿ ಗದ್ದಲ ಇದ್ದರೆ ಈಗಿನವರು ಕೇಳಲ್ಲ ಅನ್ನೋ ಮಾತನ್ನು ನಾನು ಪೂರ್ತಿ ಒಪ್ಪಲ್ಲ.

ಅರ್ಧ ಒಪ್ಪುತ್ತೇನೆ. ಯಾಕಂದರೆ ಒಳ್ಳೆಯ ಸ್ವಚ್ಛತೆ ಅನ್ನೋದೂ ಇದೆ. ಇಂಗ್ಲೆಂಡಿನಲ್ಲಿ ಜಾನ್ ಆರ್.ಟಿ. ಡೇವಿಸ್ ಅಂತ ಒಬ್ಬರಿದ್ದರು. ಸ್ವತಃ ಬ್ಯಾಂಡಿನಲ್ಲಿ ನುಡಿಸುತ್ತಿದ್ದವರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹಳೇ ಜಾಝ್ ರೆಕಾರ್ಡುಗಳನ್ನು ಟೇಪಿಗೆ ಇಳಿಸಿ, ಒಂದೊಂದು ಕ್ಲಿಕ್ ಎಲ್ಲಿದೆ ಅಂತ ಕಿವಿಯಿಂದ ಹುಡುಕಿ, ಟೇಪಿನ ಮೇಲಿನ ಆಕ್ಸೈಡನ್ನು ಅಷ್ಟೇ ಜಾಗದಲ್ಲಿ ಕೆರೆದು ತೆಗೆಯುತ್ತಿದ್ದರು. ಅವರ ಕೈಗೆ ಕ್ಲಿಕ್ ಯಾವುದು, ಕಾರ್ನೆಟ್ ಯಾವುದು ಅಂತ ಗೊತ್ತಿತ್ತು.

ಸರಿಯಾದ ಸ್ಪೀಡ್ ಹುಡುಕೋದೂ ಹಾಗೇ. 78 ಅನ್ನೋದು ಹೆಸರಿಗೆ ಮಾತ್ರ. ಕರೆಂಟ್ ಮೋಟರ್ ಬಂದಮೇಲೆ 3,600 ಸುತ್ತಿನ ಮೋಟರಿಗೆ 46ರ ಗೇರ್ ಹಾಕಿ 78.26 ಅಂತ ಗಟ್ಟಿಯಾಯಿತು. ಅದಕ್ಕೆ ಮುಂಚೆ 70ರ ಹತ್ತಿರದಿಂದ 80ರ ಆಚೆಯವರೆಗೂ ರೆಕಾರ್ಡ್ ಮಾಡಿದ್ದಾರೆ. ಸ್ಪೀಡ್ ಶೇಕಡ 6ರಷ್ಟು ತಪ್ಪಿದರೆ ಶ್ರುತಿ ಒಂದು ಸ್ವರಸ್ಥಾನವೇ ಪಕ್ಕಕ್ಕೆ ಜಾರುತ್ತದೆ, ತಾಳವೂ ಓಡುತ್ತದೆ. ಅದನ್ನು ಸರಿಮಾಡೋದು ಸಂಗೀತಗಾರರಿಗೆ ಮಾಡುವ ಉಪಕಾರ. ಇಂಟರ್ನೆಟ್ ಆರ್ಕೈವ್‌ನ ಗ್ರೇಟ್ 78 ಪ್ರಾಜೆಕ್ಟ್‌ನಲ್ಲಿ ಒಂದೇ ತಟ್ಟೆಯನ್ನು ಬೇರೆ ಬೇರೆ ಅಳತೆಯ ನಾಲ್ಕು ಮುಳ್ಳುಗಳಿಂದ ಇಳಿಸಿ, ಗದ್ದಲ ತೆಗೆಯದೆ ಹಾಗೇ ಇಟ್ಟಿದ್ದಾರೆ. ಗ್ರೂವಿನ ಒಂದು ಎತ್ತರದಲ್ಲಿ ಸವೆದಿದ್ದರೂ ಇನ್ನೊಂದು ಎತ್ತರದಲ್ಲಿ ಸಂಗೀತ ಉಳಿದಿರಬಹುದು. ಯಾವ ಮುಳ್ಳು ಚೆನ್ನಾಗಿ ಹಿಡಿದಿದೆ ಅಂತ ಕೇಳುವವರೇ ಆರಿಸಬಹುದು. ನನಗೆ ಇಷ್ಟವಾದ ದಾರಿ ಇದು.

ನನಗೆ ಭಯ ಇರೋದು ಮುಂದಿನ ಹೆಜ್ಜೆಯ ಬಗ್ಗೆ. ತೆಗೆಯೋದಾಯಿತು, ಈಗ ಸೇರಿಸೋದು ಶುರುವಾಗಿದೆ. ಕಹಳೆ ಹಿಡಿಯದೆ ಬಿಟ್ಟ ಮೇಲಿನ, ಕೆಳಗಿನ ಫ್ರೀಕ್ವೆನ್ಸಿಗಳನ್ನು ಎಐ ಊಹಿಸಿ ತುಂಬುತ್ತದೆ. ಮೊನೊವನ್ನು ಸ್ಟೀರಿಯೊ ಮಾಡುತ್ತದೆ. "ನಿನ್ನೆ ರೆಕಾರ್ಡ್ ಮಾಡಿದ ಹಾಗಿದೆ" ಅಂತ ಕೆಳಗೆ ಕಾಮೆಂಟ್ ಬೀಳುತ್ತದೆ. ಈಗ ಬಿಲ್ ಜಾನ್ಸನ್‌ರನ್ನು ನೆನಪು ಮಾಡಿಕೊಳ್ಳಿ. ಜಾಝ್ ಬ್ಯಾಂಡ್ ಅಂದರೆ ಬಾಸ್ ಇರಬೇಕು ಅಂತ ಸಾವಿರಾರು ಹಾಡು ತಿಂದು ಕಲಿತ ಮಾಡೆಲ್‌ಗೆ ಗೊತ್ತು. ಅದು ಕೆಳಗಡೆ ಒಂದು ಬಾಸ್ ತುಂಬಿದರೆ ನುಡಿಸುತ್ತಿರೋದು ಯಾರು? ಆ ಬ್ಯಾಂಡಿನ ಬಾಸ್ ವಾದಕ ಆವತ್ತು ಅದೇ ಕೋಣೆಯಲ್ಲಿ ಬ್ಯಾಂಜೊ ಹಿಡಿದು ಕೂತಿದ್ದಾರೆ! ನಾವು ಕೇಳೋದು ಯಾವತ್ತೂ ನಡೆಯದ ಒಂದು ಕಛೇರಿ.

ಅದೇ ಬಿಲ್ ಜಾನ್ಸನ್ ಇನ್ನೊಂದು ಕೆಲಸ ಮಾಡಿದ್ದಾರೆ. ಡಿಪ್ಪರ್‌ಮೌತ್ ಬ್ಲೂಸ್‌ನ ಕೊನೆಯ ಭಾಗದಲ್ಲಿ ಎಲ್ಲ ವಾದ್ಯ ನಿಂತು ಖಾಲಿ ಬಿಡುವ ಒಂದು ಜಾಗ ಇದೆ. ಅಲ್ಲಿ ಬೇಬಿ ಡಾಡ್ಸ್ ಡ್ರಮ್ ಬಾರಿಸಬೇಕಿತ್ತು. ಮರೆತುಬಿಟ್ಟೆ ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ಖಾಲಿ ಜಾಗದಲ್ಲಿ ಜಾನ್ಸನ್ ಜೋರಾಗಿ ಒಂದು ಕೂಗು ಹಾಕಿದರು. ಅದು ತಟ್ಟೆಯಲ್ಲಿ ಉಳಿಯಿತು. ಆಮೇಲೆ ಆ ಹಾಡು ನುಡಿಸಿದ ಬ್ಯಾಂಡುಗಳೆಲ್ಲ ಅದೇ ಜಾಗದಲ್ಲಿ ಅದೇ ಕೂಗು ಹಾಕೋದು ರೂಢಿಯಾಯಿತು. ಒಬ್ಬರ ಮರೆವು, ಇನ್ನೊಬ್ಬರ ಸಮಯಪ್ರಜ್ಞೆ, ಈಗ ಹಾಡಿನ ಭಾಗ. ಹಾಡು ಹೇಗಿರಬೇಕಿತ್ತು ಅಂತ ಊಹಿಸಿ ರಿಪೇರಿ ಮಾಡುವ ಯಂತ್ರದ ಕೈಗೆ ಸಿಕ್ಕಿದ್ದರೆ ಅಲ್ಲಿ ನೀಟಾದ ಒಂದು ಡ್ರಮ್ ಇರುತ್ತಿತ್ತು.

ಇನ್ನೊಂದು ವಿಷಯ. ಈ ರೆಕಾರ್ಡುಗಳೇ ಜಾಝ್ ಅಲ್ಲ, ಜಾಝ್‌ಗೆ ಇದ್ದ ಒಂದು ಬೀಗದ ಕಿಂಡಿ ಅಷ್ಟೇ. ಡ್ಯಾನ್ಸ್ ಹಾಲಿನಲ್ಲಿ ಕುಣಿಯುವವರು ಕುಣಿಯುವಷ್ಟು ಹೊತ್ತು ನುಡಿಸುತ್ತಿದ್ದದ್ದನ್ನು 10 ಇಂಚಿನ ತಟ್ಟೆಗಾಗಿ 3 ನಿಮಿಷಕ್ಕೆ ಕತ್ತರಿಸಿದ್ದಾರೆ. ಮೊದಲ ಜಾಝ್ ರೆಕಾರ್ಡು ಅಂತ ಕರೆಯೋದು 1917ರಲ್ಲಿ ಒರಿಜಿನಲ್ ಡಿಕ್ಸಿಲ್ಯಾಂಡ್ ಜ್ಯಾಸ್ ಬ್ಯಾಂಡ್ ಮಾಡಿದ್ದನ್ನು. ಅವರು ಬಿಳಿಯರು. ಅದಕ್ಕೂ ಮುಂಚೆ ನ್ಯೂ ಆರ್ಲಿಯನ್ಸ್‌ನಲ್ಲಿ ಹೆಸರುವಾಸಿಯಾಗಿದ್ದ ಕಪ್ಪು ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್ ಅವರ ಒಂದೇ ಒಂದು ರೆಕಾರ್ಡು ಕೂಡ ನಮಗೆ ಸಿಕ್ಕಿಲ್ಲ. ಗದ್ದಲ ಇರುವ ರೆಕಾರ್ಡು ಕೇಳುವಾಗ ಇದು ಕಿಂಡಿ ಅನ್ನೋದು ನಮಗೆ ನೆನಪಿರುತ್ತದೆ. ಎಐ ಪಾಲಿಶ್ ಮಾಡಿದ್ದನ್ನು ಕೇಳಿದರೆ ಬಾಗಿಲೇ ತೆರೆದಿದೆ, ಎಲ್ಲ ಕಾಣಿಸುತ್ತಿದೆ ಅನ್ನಿಸುತ್ತದೆ. ಕಾಣಿಸದೆ ಹೋದವರು ಇನ್ನೂ ಮರೆತುಹೋಗುತ್ತಾರೆ.

ಇದು ಈಗಲೇ ಮಾತಾಡಬೇಕಾದ ವಿಷಯ. ಅಮೆರಿಕದ ಕಾನೂನಿನ ಪ್ರಕಾರ 1923ರ ರೆಕಾರ್ಡಿಂಗ್‌ಗಳು 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. ಪ್ರತಿ ಜನವರಿಗೆ ಇನ್ನೊಂದು ವರ್ಷದ ರೆಕಾರ್ಡುಗಳು ಸೇರುತ್ತವೆ. ಯಾರು ಬೇಕಾದರೂ ತಗೊಂಡು ಏನು ಬೇಕಾದರೂ ಮಾಡಬಹುದು. ಮಾಡಲಿ. ಆದರೆ ಸರ್ಚ್‌ನಲ್ಲಿ ಮೇಲೆ ಬರೋದು ಪಾಲಿಶ್ ಮಾಡಿದ್ದೇ. ಕೆಲವು ವರ್ಷಗಳಾದ ಮೇಲೆ ಹೊಸ ಎಐ ಅದನ್ನೇ ತಿಂದು 1923ರ ಜಾಝ್ ಹೀಗಿತ್ತು ಅಂತ ಕಲಿಯುತ್ತದೆ.

ಹಾಗಾಗಿ ಆಡಿಯೊ ಪ್ರಾಜೆಕ್ಟ್ ಮಾಡುವ ಜೂನಿಯರ್ಸ್‌ಗೆ, ನನ್ನ ಬ್ಯಾಚ್‌ಮೇಟ್ಸ್‌ಗೆ ನನ್ನದು ಮೂರು ಕೋರಿಕೆ. ಒಂದು, ಮೂಲ ಫೈಲನ್ನು ಯಾವಾಗಲೂ ಜೊತೆಗೇ ಕೊಡಿ. ಎರಡು, ಏನು ತೆಗೆದಿರಿ, ಏನು ಸೇರಿಸಿದಿರಿ ಅಂತ ಎರಡು ಸಾಲು ಬರೆಯಿರಿ. ಎಐ ಊಹಿಸಿದ್ದಾದರೆ ಊಹಿಸಿದ್ದು ಅಂತ ಬರೆಯಿರಿ. ಮೂರು, ನೀವು ತೆಗೆದ ಸದ್ದನ್ನು ಒಂದು ಸಲ ಪೂರ್ತಿ ಕೇಳಿ. 3 ನಿಮಿಷದ ಕೆಲಸ. ಅದರಲ್ಲಿ ಹಪ್ಪಳ ಮಾತ್ರ ಇದ್ದರೆ ಸಂತೋಷ. ಯಾರಾದರೂ ಊದುತ್ತಿದ್ದರೆ ಕೋಡಿಗೆ ವಾಪಸ್ ಹೋಗಿ.

ನಾವು ವಾಪಸ್ ಹೋದೆವು. ಥ್ರೆಶೋಲ್ಡ್ ಮೇಲೆತ್ತಿದೆವು, ಕಾರ್ನೆಟ್ ಇರುವ ಜಾಗಗಳಲ್ಲಿ ಕೈಯಿಂದಲೇ ಕ್ಲಿಕ್ ಗುರುತು ಹಾಕಿದೆವು. ಎರಡು ರಾತ್ರಿ ನಿದ್ದೆ ಹೋಯಿತು. ಸ್ವಲ್ಪ ಹಪ್ಪಳ ಉಳಿಯಿತು. ಫೈನಲ್ ರಿಪೋರ್ಟ್ ಕೊಡುವಾಗ ಗೈಡ್ ಸರ್ ಗ್ರಾಫ್ ನೋಡಿ, "ಏನಪ್ಪಾ, ಡೆಮೊಗಿಂತ ಇಂಪ್ರೂವ್‌ಮೆಂಟ್ ಕಡಿಮೆ ಆಗಿದೆಯಲ್ಲ?" ಅಂದರು. ನಾನು ಏನೂ ವಿವರಿಸದೆ ಹೆಡ್‌ಫೋನ್ ಕೊಟ್ಟು, ಡೆಮೊ ದಿನ ನಾವು ತೆಗೆದುಹಾಕಿದ್ದ ಸದ್ದಿನ ಫೈಲ್ ಹಾಕಿದೆ. ಸರ್ ಪೂರ್ತಿ ಕೇಳಿದರು. ಹೆಡ್‌ಫೋನ್ ತೆಗೆದು, "ಇದನ್ನೂ ಸಿಡಿಯಲ್ಲಿ ಹಾಕಿ ಕೊಡಿ" ಅಂದರು.

ಈಗ ಆ ಸಿಡಿಯಲ್ಲಿ ಮೂರು ಫೋಲ್ಡರ್ ಇವೆ: ಮೂಲ, ಸ್ವಚ್ಛ ಮಾಡಿದ್ದು, ನಾವು ಅಳಿಸಿದ್ದು. ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿದೆ. ಸಿಡಿ ಡ್ರೈವ್ ಇರುವ ಕಂಪ್ಯೂಟರ್ ಸಿಕ್ಕರೆ ಮೂರನೆಯದನ್ನೇ ಮೊದಲು ಕೇಳಿ.